ಅಣಬೆಯಜ್ಜಿಗೆ ಮೊದಲ ಸ್ಥಾನ

ನಮ್ಮ ಮನೆಯವರನ್ನ ಬೀದಿಯಲ್ಲೆಲ್ಲಾ ಕರೆಯೋದು ಔಷಧಿಯಣ್ಣ ಅಂತ. ಹೊಸದಾಗಿ ಬಂದ ಬಾಡಿಗೆಯವರು ಈ ಹೆಸರು ಕೇಳಿ, ಕೆಮ್ಮಿಗೆ ಏನಾದರೂ ಕೊಡಿ ಅಂತ ನಮ್ಮ ಬಾಗಿಲು ತಟ್ಟಿದ್ದೂ ಉಂಟು. ಇವರ ಕೆಲಸ ಮನೆಮನೆಗೆ ಹೋಗಿ ಜಿರಲೆಗೆ, ತಿಗಣೆಗೆ, ಗೆದ್ದಲಿಗೆ ಔಷಧಿ ಹೊಡೆಯೋದು. ಅದು ವಿಷ ಅಂತ ನನಗೂ ಗೊತ್ತು, ಅವರಿಗೂ ಗೊತ್ತು, ಜಿರಲೆಗಂತೂ ಚೆನ್ನಾಗೇ ಗೊತ್ತು. ಆದರೆ ಆ ಕಸುಬಿನವರು ಯಾರೂ ಆ ಮಾತು ಆಡೋದಿಲ್ಲ. "ಬಾಗಿಲು ತೆಗೆದವರಿಗೆ ವಿಷ ತಂದಿದ್ದೀನಿ ಅಂದರೆ ಒಳಗೆ ಬಿಡ್ತಾರೇನೇ?" ಅಂತ ನನ್ನನ್ನೇ ಕೇಳ್ತಾರೆ.

ಮಾತು ಕಮ್ಮಿ ಮನುಷ್ಯ. ಅಪರೂಪಕ್ಕೆ ಬಾಯಿ ಬಿಟ್ಟರೆ ಮುಚ್ಚಿದ ಮನೆಗಳ ಕಥೆ ಹೇಳ್ತಾರೆ. ಮನೆಯವರನ್ನೆಲ್ಲ ಆಚೆ ಕಳಿಸಿ, ಕಿಟಕಿ ಸಂದಿಗೆಲ್ಲ ಟೇಪು ಅಂಟಿಸಿ, ಮುಖಕ್ಕೆ ಮಾಸ್ಕು ಹಾಕ್ಕೊಂಡು ಒಬ್ಬರೇ ಒಳಗೆ ಓಡಾಡ್ತಾರಂತೆ. ಕೇಳಿಸೋದು ತಮ್ಮ ಉಸಿರು ಮಾತ್ರ. ಯಾರದೋ ಮಂಚ, ಯಾರದೋ ಮಗುವಿನ ಪುಟ್ಟ ಚಪ್ಪಲಿ, ಅರ್ಧ ಕಚ್ಚಿಟ್ಟ ಬಿಸ್ಕತ್ತು, ಔಷಧಿಯ ಹೊಗೆಯಲ್ಲಿ ಎಲ್ಲಾ ನೀರಿನೊಳಗೆ ನಿಂತಿರೋ ಹಾಗೆ ಕಾಣುತ್ತಂತೆ. ಆ ಹೊಗೆಯಲ್ಲಿ ನಿಲ್ಲೋದು ಇವರಿಗೆ ಇಷ್ಟ. ಹೇಳೋಲ್ಲ, ಆದರೆ ನನಗೆ ಗೊತ್ತು.

ಈಗೊಂದಷ್ಟು ದಿನದಿಂದ ಬೆರಳಿಗೆ ಜೋಮು ಹಿಡಿಯೋಕೆ ಶುರುವಾಯ್ತು. ಕಾಫಿ ಲೋಟ ಜಾರಿ ಬಿತ್ತು, ಅಂಗಿ ಗುಂಡಿ ಹಾಕೋಕೆ ನಾನೇ ಬೇಕಾಯ್ತು. ಡಾಕ್ಟರು ಕೈ ನೋಡಿದವರೇ, ಒಂದು ತಿಂಗಳು ಔಷಧಿ ಹತ್ತಿರ ಸುಳಿಯಬೇಡಿ ಅಂದರು. ಅಷ್ಟರಲ್ಲಿ ಬೆರಳು ಸರಿಹೋದರೆ ಹೋಗಿ. ಹೋಗದಿದ್ದರೆ ಆ ಕೆಲಸ ಮರೆತುಬಿಡಿ, ಇಲ್ಲದಿದ್ದರೆ ಕೈ ಪೂರ್ತಿ ಹೋಗುತ್ತೆ ಅಂದರು. ಮಾಲೀಕರು ತಿಂಗಳು ಮುಗಿದ ಸೋಮವಾರದವರೆಗೆ ಜಾಗ ಕಾದಿಡ್ತೀನಿ ಅಂದರು. ಆಮೇಲಿಂದ ನಾನು ಕೇಳಿದಾಗಲೆಲ್ಲ ಇವರದು ಒಂದೇ ಉತ್ತರ: "ಜೋಮು ಹೋಯ್ತು ಮಾರಾಯ್ತಿ, ಆಗಲೇ ಹೋಯ್ತು." ಹಾಗಂತಾ ಕೈಯನ್ನ ಲುಂಗಿ ಮಡಿಕೆಯೊಳಗೆ ಇಟ್ಕೊಳ್ಳೋರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಯ್ತು. ನನಗೆ ಭಯ ಆಗ್ತಿತ್ತು. ಭಯ ಆದಾಗ ನಾನು ಬೈತೀನಿ, ಅದು ನನ್ನ ಸ್ವಭಾವ.

ಮನೇಲಿ ಕೂತು ಏನು ಮಾಡೋದು? ಮಗಳು ಸ್ಕೂಲಿಂದ ಬಂದವಳು ಟೀವಿಗೆ ತನ್ನ ವಿಡಿಯೋ ಆಟ ಹಾಕ್ಕೊಂಡು ಕೂರ್ತಾಳೆ. ಕಾಡುಮೇಡು ಸುತ್ತಿ ವಿಚಿತ್ರ ಪ್ರಾಣಿಗಳನ್ನ ಹಿಡಿದು, ಸಾಕಿ, ಒಂದರ ಮೇಲೊಂದು ಬಿಟ್ಟು ಕಾಳಗ ಮಾಡಿಸೋ ಆಟ. ಅದರಲ್ಲಿ ವಿಷದ ಜಾತಿಯವು ಬೇರೆ ಇವೆ. ಅವುಗಳಲ್ಲಿ ಯಾವುದು ಜೋರು ಅಂತ ಅವಳಿಗೂ ಅವಳ ಗೆಳತಿಯರಿಗೂ ಜಗಳ. "ಅಪ್ಪ, ಇದು ನಿನ್ನ ಡಿಪಾರ್ಟ್‌ಮೆಂಟು, ನೀನೇ ಹೇಳು" ಅಂದಳು. ಇವರು ಗೋಡೆಗೊರಗಿ ಕೂತಿದ್ದವರು ನೆಟ್ಟಗಾದರು.

ಅವತ್ತಿಂದ ಮಧ್ಯಾಹ್ನ ಕಳೀತು ಅಂದರೆ ಅಪ್ಪ ಮಗಳು ಒಂದೊಂದು ರಿಮೋಟು ಹಿಡ್ಕೊಂಡು ಕೂರೋರು. ಪ್ರತಿಯೊಂದು ಪ್ರಾಣಿಯೂ ಮಿಕ್ಕ ಎಲ್ಲವುಗಳ ಜೊತೆ ಹೊಡೆದಾಡಬೇಕು, ಆಮೇಲೇ ಸ್ಥಾನ. ಆಟದಲ್ಲಿದ್ದ ಹೆಸರು ಇವರ ನಾಲಿಗೆಗೆ ಹೊರಳಲಿಲ್ಲ, ತಾವೇ ಇಟ್ಟರು: ಹುಳಿಗಪ್ಪೆ, ಹೊಗೆಬಾವಲಿ, ಕೆಸರುಮಾಮ, ನೀಲಿಚೇಳು. ಇನ್ನೊಂದಿತ್ತು, ಕುಳ್ಳಗೆ, ತಲೆ ಮೇಲೆ ಕೊಡೆ ಹಿಡಿದ ಹಾಗೆ, ಯಾವಾಗಲೂ ತೂಕಡಿಸ್ತಿತ್ತು. ಅದು ಅಣಬೆಯಜ್ಜಿ.

ನಾನು ಅಲ್ಲೇ ಮಿಷಿನ್ ಮುಂದೆ ಕೂತು ಅಂಗಡಿಗೆ ಪರದೆ ಹೊಲೀತಿದ್ದೆ. ಹೊಲಿದದ್ದನ್ನ ಕಿಟಕಿಗೇ ನೇತು ಹಾಕ್ತಿದ್ದೆ. ಹಸಿರು ಬಟ್ಟೆ ಇದ್ದ ದಿನ ಕೋಣೆಯೆಲ್ಲ ಹಸಿರು, ನೇರಳೆ ಇದ್ದ ದಿನ ಗೋಡೆ, ನೆಲ, ಇವರ ನರೆತ ಗಡ್ಡ ಎಲ್ಲಾ ನೇರಳೆ. ಮಿಷಿನ್ ಸದ್ದಿಗೆ ನಂಗೇ ಕಣ್ಣು ಎಳೆಯೋದು. ಆ ಮಂಪರಿನಲ್ಲಿ ಹೊಗೆಬಾವಲಿ ಟೀವಿಯಿಂದ ಇಳಿದು ಫ್ಯಾನಿಗೆ ಜೋತುಬೀಳೋದು, ಕೆಸರುಮಾಮ ಬಚ್ಚಲ ಕಡೆ ತೆವಳಿಕೊಂಡು ಹೋಗೋನು, ಅಣಬೆಯಜ್ಜಿ ನನ್ನ ದಾರದ ಡಬ್ಬಿ ಮೇಲೆ ಕೂತು ತೂಕಡಿಸೋಳು. ಇವರೂ ಅರ್ಧ ಕಣ್ಣು ಮುಚ್ಚಿ, "ಕಿಟಕಿಗೆ ಟೇಪು ಹಾಕಿದ್ಯಾ?" ಅಂತ ಏನೋ ಕನವರಿಸೋರು. ಹಾಕಿದ್ದೀನಿ ಮಲಗಿ ಅಂತಿದ್ದೆ. ಇಷ್ಟು ವರ್ಷದಲ್ಲಿ ನಾವು ಮೂವರೂ ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದೇ ಇಲ್ಲ, ಸುಖವಾಗಿತ್ತು.

ಒಂದಿನ ಇವರ ಹುಳಿಗಪ್ಪೆ ಸಾಯೋ ಹಾಗಿತ್ತು. ಮಗಳಿಗೇ ಪಾಪ ಅನ್ನಿಸಿ, "ಅಪ್ಪ, ಔಷಧಿ ಹಾಕು, ಬೇಗ" ಅಂದಳು. ಚೀಲದಲ್ಲಿರೋ ಮುಲಾಮು ಹಚ್ಚಿ ಕಪ್ಪೆಯನ್ನ ಉಳಿಸ್ಕೋ ಅಂತ ಅವಳ ಅರ್ಥ. ಇವರು ಅವಳ ಚೇಳಿನ ಮುಖಕ್ಕೇ ವಿಷ ಉಗಿಸಿದರು. "ನೀನೇ ತಾನೇ ಔಷಧಿ ಹಾಕು ಅಂದಿದ್ದು?" ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಯಾಕೋ ನನ್ನ ಹೊಲಿಗೆ ಸೊಟ್ಟ ಹೋಯ್ತು.

ಮಗಳು ಸ್ಥಾನ ಕೊಡೋದು ಏಟಿನ ಲೆಕ್ಕದಲ್ಲಿ: ನೀಲಿಚೇಳಿನ ಒಂದೇ ಕುಟುಕಿಗೆ ಎದುರಿನದು ಅರ್ಧ ಪ್ರಾಣ. ಇವರು ಒಪ್ಪಲಿಲ್ಲ. "ತಿಂದ ಜಾಗದಲ್ಲೇ ಇಲಿ ಬಿದ್ದರೆ ಮಿಕ್ಕ ಇಲಿಗಳು ಅತ್ತ ತಲೆ ಹಾಕಲ್ಲ. ಒಳ್ಳೇ ಔಷಧಿ ನಿಧಾನ. ಹತ್ತಿದ್ದೇ ಗೊತ್ತಾಗಬಾರದು" ಅಂದರು. ಅಣಬೆಯಜ್ಜಿಯ ಆಟವೂ ಅದೇ. ಒಂದು ಚೂರು ಧೂಳು ಊದಿ ಸುಮ್ಮನೆ ಕೂರ್ತಾಳೆ, ಎದುರಿನವರು ಕುಣಿದು ಕುಪ್ಪಳಿಸಿ ತಾವೇ ಬೀಳ್ತಾರೆ. "ಹಾಳೂರಿಗೆ ಉಳಿದೋಳೇ ಗೌಡತಿ" ಅಂತ ನಾನು ಹಂಗಿಸಿದೆ. "ತಾಳಿದವನು ಬಾಳಿಯಾನು ಅನ್ನು" ಅಂದರು. ತಮ್ಮ ಕೈಗೆ ಹತ್ತಿದ್ದೂ ಅಂಥದ್ದೇ ಅಂತ ಈ ಮನುಷ್ಯನಿಗೆ ಹೊಳೀತಿಲ್ವಾ, ಅಂತ ನನಗೆ ಸಿಟ್ಟೂ ಅಳೂ ಒಟ್ಟಿಗೇ ಬಂತು.

ಶನಿವಾರ ಕೊನೇ ಕಾಳಗ. ಅಣಬೆಯಜ್ಜಿಗೂ ನೀಲಿಚೇಳಿಗೂ, ಮೊದಲ ಸ್ಥಾನಕ್ಕೆ. ಸೋಮವಾರ ಕೆಲಸಕ್ಕೆ ಅಂತ ಇವರ ಸಮವಸ್ತ್ರ ಆಗಲೇ ಇಸ್ತ್ರಿಯಾಗಿ ಮೊಳೆಗೆ ಬಿದ್ದಿತ್ತು. ಅಲ್ಲಿಯವರೆಗೆ ಪ್ರತಿ ಸಲವೂ ಇವರು ತಲೆ ಬಗ್ಗಿಸಿ, ಹೆಬ್ಬೆರಳು ನೋಡ್ಕೊಂಡೇ ಗುಂಡಿ ಒತ್ತೋರು. ವಯಸ್ಸಾಯ್ತು, ಅಭ್ಯಾಸ ಇಲ್ಲ ಅಂದ್ಕೊಂಡಿದ್ವಿ. ಅವತ್ತು ಚೇಳಿಗೆ ಧೂಳು ಹತ್ತಿ, ಇನ್ನೇನು ಬೀಳೋದರಲ್ಲಿತ್ತು. ಅಜ್ಜಿ ಇನ್ನೊಂದೇ ಸರದಿ ಸುಮ್ಮನಿದ್ದರೆ ಸಾಕು. ಆ ಖುಷಿಯಲ್ಲಿ ಇವರು ಟೀವಿಯಿಂದ ಕಣ್ಣು ಕೀಳಲಿಲ್ಲ, ಸುಮ್ಮನಿರೋ ಗುಂಡಿ ಅಂತ ನೋಡದೇ ಒತ್ತಿದರು. ಹೆಬ್ಬೆರಳು ಬಿದ್ದದ್ದು ಪಕ್ಕದ, ಕಣ ಬಿಡೋ ಗುಂಡಿಗೆ. ಅಣಬೆಯಜ್ಜಿ ಕೊಡೆ ಮಡಚಿ ಕಣದಿಂದ ಆಚೆ ನಡೆದುಬಿಟ್ಟಳು. ಹಾಗೆ ಹೋದರೆ ಸೋತ ಹಾಗೆ.

ಮಗಳು ರಿಮೋಟು ಕೆಳಗಿಟ್ಟಳು. "ಬೇಕಂತ ಸೋತೆ, ಅಲ್ವಾ?"

"ಹೂಂ ಕಣೇ," ಅಂದರು ಇವರು. "ನೀನು ಗೆಲ್ಲಲಿ ಅಂತ."

ಹಸಿ ಸುಳ್ಳು. ಕುಂಟಾಬಿಲ್ಲೆಯಲ್ಲಿ ಕೂಡ ಆ ಮಗುವನ್ನ ಗೆಲ್ಲೋಕೆ ಬಿಡದ ಮನುಷ್ಯ ಇವರು. ನಾನು ಮಿಷಿನ್ ನಿಲ್ಲಿಸಿದೆ. ಮಗಳು ಅಪ್ಪನ ಮುಖ ನೋಡಿದಳು, ಕೈ ನೋಡಿದಳು, ಹತ್ತಿರ ಸರಿದು ಕೂತಳು.

"ಅಪ್ಪ, ಕಣ್ಣು ಮುಚ್ಚು. ಯಾವ ಬೆರಳು ಮುಟ್ಟಿದೆ ಅಂತ ಹೇಳ್ಬೇಕು."

"ಇದೇನು ಹೊಸ ಆಟ?" ಅಂತ ನಕ್ಕು ಮುಚ್ಚಿದರು.

"ಇದು?"

"ಕಿರುಬೆರಳು."

"ಇದು?"

"ಉಂಗುರದ್ದು."

ನಡುಬೆರಳಿಗೆ ಸ್ವಲ್ಪ ತಡವರಿಸಿದರು. ಆಮೇಲೆ ಅವಳು ಏನೂ ಕೇಳಲಿಲ್ಲ. ಇವರು ಕಣ್ಣು ಮುಚ್ಕೊಂಡು, ಮುಖದ ಮೇಲೆ ನಗು ಇಟ್ಕೊಂಡು ಕಾದರು.

"ಮುಟ್ಟೇ, ಯಾಕೆ ನಿಲ್ಲಿಸಿದೆ?" ಅಂದರು.

ಅವಳ ಉಗುರು ಇವರ ಹೆಬ್ಬೆರಳಿಗೆ ನಾಟಿತ್ತು. ಒತ್ತಿದ ರಭಸಕ್ಕೆ ಉಗುರು ಬೆಳ್ಳಗಾಗಿತ್ತು. ಅವಳು ನನ್ನ ಕಡೆ ನೋಡಿದಳು. ನಾನು ಸ್ಟೂಲು ಹಿಂದಕ್ಕೆ ತಳ್ಳಿ ಎದ್ದೆ.

ಆ ಸದ್ದಿಗೆ ಇವರು ಕಣ್ಣು ಬಿಟ್ಟರು. ಮಗಳ ಮುಷ್ಟಿಯಲ್ಲಿದ್ದ ಹೆಬ್ಬೆರಳನ್ನ ಬೇರೆ ಯಾರದೋ ಅನ್ನೋ ಹಾಗೆ ತುಂಬಾ ಹೊತ್ತು ನೋಡಿದರು.

"ಸೋಮವಾರ ಬರಲ್ಲ ಅಂತ ಮಾಲೀಕರಿಗೆ ನೀನೇ ಹೇಳಿಬಿಡೇ," ಅಂದರು ನನಗೆ. "ನನ್ನ ಕೈಲಿ ಹೇಳೋಕಾಗಲ್ಲ."

ಮಗಳು ಇನ್ನೂ ಬಿಟ್ಟಿರಲಿಲ್ಲ. ಇನ್ನೊಂದು ಚೂರು ಒತ್ತಿದಳು. "ಈಗ, ಅಪ್ಪ?"

"ಇಲ್ಲ ಕಂದ," ಅಂದರು. "ಗೊತ್ತಾಗ್ತಿಲ್ಲ."