ಹಿಟ್ಟಿನ ಚೀಲದ ಪಂಪು

ಮುರಿಗೆಪ್ಪನಿಗೆ ವಾರಕ್ಕೆ ಒಂದೇ ದಿನ ಸಂಸಾರ. ಉಳಿದ ಆರು ದಿನ ಅವನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಲಗುವುದು ಆರ್.ಟಿ. ನಗರದ ಒಂದು ಕೋಣೆಯಲ್ಲಿ, ಅದೂ ಕಾರ್ಖಾನೆಯ ಇನ್ನೂ ಮೂವರ ಜೊತೆ. ಹೆಂಡತಿ ಚನ್ನಕ್ಕ ಚಿಕ್ಕಜಾಲದ ಪ್ರೈಮರಿ ಶಾಲೆಯ ಟೀಚರು. ಅಲ್ಲೇ ಅಕ್ಕಯ್ಯಮ್ಮ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಇಬ್ಬರೂ ಜೋಳದ ಸೀಮೆಯಾದ ರೋಣದ ಕಡೆಯವರು. ಮದುವೆಯಾಗಿ ಎರಡು ವರ್ಷವಾಗಿತ್ತು ಎನ್ನುವುದು ಕ್ಯಾಲೆಂಡರಿನ ಮಾತು. ಭಾನುವಾರಗಳನ್ನು ಮಾತ್ರ ಎಣಿಸಿದರೆ ನಾಲ್ಕು ತಿಂಗಳೂ ತುಂಬುತ್ತಿರಲಿಲ್ಲ. ಇದು ಎಪ್ಪತ್ತೊಂಬತ್ತನೇ ಇಸವಿಯ ಸಂಗತಿ.

ಬಸ್ಸಿಲ್ಲವೇ ಎಂದು ಕೇಳಬೇಡಿ. ಇತ್ತು. ಬಂದರೆ ಬಂತು, ನಿಂತರೆ ನಿಂತಿತು. ಮುರಿಗೆಪ್ಪ ಬಸ್ಸನ್ನು ನಂಬುವ ಆಸಾಮಿಯೇ ಅಲ್ಲ. ಅವನ ಬಳಿ ಒಂದು ಕಪ್ಪು ಸೈಕಲ್ಲಿತ್ತು, ಕಾಲಲ್ಲಿ ಕಸುವಿತ್ತು. ಬೆಳಿಗ್ಗೆ ಏಳೂವರೆಗೆ ಹೊರಟು ಹೆಬ್ಬಾಳ ಕೆರೆ, ಜಕ್ಕೂರು, ಯಲಹಂಕ ದಾಟಿ ಒಂದೇ ಸಮ ತುಳಿದರೆ ಒಂಬತ್ತಕ್ಕೆ ಚಿಕ್ಕಜಾಲ. ಹ್ಯಾಂಡಲ್ಲಿಗೆ ಜೋಳದ ಹಿಟ್ಟಿನ ಚೀಲ. ಚಿಕ್ಕಜಾಲದಲ್ಲಿ ರಾಗಿ ಎಷ್ಟು ಬೇಕಾದರೂ ಸಿಗುತ್ತಿತ್ತು, ಒಳ್ಳೆಯ ಜೋಳಕ್ಕೆ ಮಾತ್ರ ಪರದಾಟ. ಅವನು ಹಿಟ್ಟು ತಂದ ಮೇಲೆಯೇ ಅವಳು ರೊಟ್ಟಿ ತಟ್ಟಬೇಕು.

ಮೊದಮೊದಲು ಒಂದು ಭಾನುವಾರ ಜಕ್ಕೂರಿನ ಹತ್ತಿರ ಗಾಳಿ ಇಳಿದು, ತೆರೆದಿರುವ ಅಂಗಡಿ ಒಂದೂ ಕಾಣದೆ, ಪಾಪ, ಸೈಕಲ್ಲನ್ನು ಚಿಕ್ಕಜಾಲದವರೆಗೂ ತಳ್ಳಿಕೊಂಡೇ ಹೋಗಿದ್ದ. ಮಾರನೇ ವಾರವೇ ಎಲ್ಲಿಂದಲೋ ಒಂದು ಹಳೇ ನಿಲುವಿನ ಪಂಪು ಸಂಪಾದಿಸಿದ. ಸೈಕಲ್ ಅಂಗಡಿಗಳಲ್ಲಿ ಎರಡೂ ಪಾದದಲ್ಲಿ ಬುಡ ಒತ್ತಿ ಹಿಡಿದು ಹೊಡೆಯುತ್ತಾರಲ್ಲ, ಅಂಥದ್ದು. ಎರಡಡಿ ಎತ್ತರ. ಅದನ್ನು ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿಗೆ ಬಿಗಿದ. ಹಿಡಿ ಒಂದು ಕಡೆ, ಬುಡ ಇನ್ನೊಂದು ಕಡೆ ಚಾಚಿಕೊಂಡಿತ್ತು. ಅರ್ಧ ಮೈಲಿ ದೂರದಿಂದಲೇ ಯಾರಿಗಾದರೂ ಕಾಣುವಂತಿತ್ತು.

ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬಳ್ಳಾರಿ ರಸ್ತೆಯಲ್ಲಿ ಭಾನುವಾರ ಅಷ್ಟೊಂದು ಜನಕ್ಕೆ ಗಾಳಿ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು! ಹಾಲಿನವರು, ಹೂವಿನವರು, ದ್ರಾಕ್ಷಿ ತೋಟದ ಆಳುಗಳು, ಹೆಂಡತಿ ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡು ನೆಂಟರ ಮನೆಗೆ ಹೊರಟವರು. "ಸಾರ್, ಪಂಪು! ಒಂದೇ ನಿಮಿಷ ಸಾರ್!" ಎಂದು ಕೈ ಎತ್ತಿದರೆ ಸಾಕು, ಮುರಿಗೆಪ್ಪ ಇಳಿದೇಬಿಡುತ್ತಿದ್ದ. ಇಳಿದು ಪಂಪು ಕೊಟ್ಟು ಸುಮ್ಮನಿರುತ್ತಿದ್ದನೇ? ಫಿಟ್ಟರ್ ಬುದ್ಧಿ. ಚೈನು ಸಡಿಲವಾಗಿದೆ, ಬ್ರೇಕ್ ರಬ್ಬರ್ ಸವೆದಿದೆ ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಒಂಬತ್ತಕ್ಕೆ ಮುಟ್ಟಬೇಕಾದವನು ಹನ್ನೆರಡಕ್ಕೆ ಮುಟ್ಟುತ್ತಿದ್ದ. ಒಮ್ಮೆ ಎರಡು ಗಂಟೆಯೂ ಆಗಿತ್ತು. ಸೋಮವಾರ ಬೆಳಿಗ್ಗೆ ಆರಕ್ಕೆ ಶಿಫ್ಟು, ಹಾಗಾಗಿ ಐದಕ್ಕೆಲ್ಲ ವಾಪಸು ಹೊರಡಬೇಕು. ಉಳಿಯುತ್ತಿದ್ದ ಸಂಸಾರ ಎಷ್ಟು ಎಂದು ನೀವೇ ಯೋಚಿಸಿ.

ಚನ್ನಕ್ಕ ಬಾಯಿ ಬಿಟ್ಟು ಹೇಳುವಷ್ಟು ದಿನ ಹೇಳಿದಳು. ಎರಡು ಗಂಟೆಗೆ ಬಂದ ಆ ದಿನ ಅವಳ ಕಣ್ಣಲ್ಲಿ ನೀರು ಬಂತು.

"ವಾರಾ ಎಲ್ಲಾ ಈ ಒಂದ್ ದಿನದ ದಾರಿ ನೋಡ್ತೀನ್ರಿ ನಾ. ನಿಮಗ ಆ ಪಂಪೇ ಹೆಚ್ಚಾತೇನು?"

"ಮಂದಿ ಕೈ ಮಾಡ್ತಾರ. ನಿಲ್ಲಲಾರದ ಹೆಂಗ್ ಹೋಗ್ಲಿ?"

"ಅವ್ರಿಗೆ ಕಾಣಸ್ತೈತಿ, ಅದಕ್ಕ ಕೈ ಮಾಡ್ತಾರ. ಕಾಣಲಾರದಂಥಾದ್ದು ಒಂದು ಸಣ್ಣದು ತಗೋರಿ."

ಮಾತು ಮುರಿಗೆಪ್ಪನಿಗೆ ನಾಟಿತು. ಅವನಿಗೂ ಆಸೆಯಿರಲಿಲ್ಲವೇ? ಒಂಬತ್ತಕ್ಕೆ ಹೋಗಿ ಬಿಸಿ ರೊಟ್ಟಿ ತಿಂದು, ಬಾಗಿಲ ಬಳಿ ಚಾಪೆ ಹಾಸಿಕೊಂಡು, ಅವಳು ಶಾಲೆಯ ಮಕ್ಕಳ ಸುದ್ದಿ ಹೇಳುವುದನ್ನು ಕೇಳುತ್ತಾ ಬಿದ್ದುಕೊಳ್ಳಬೇಕು ಎಂದು ವಾರವಿಡೀ ಲೇತ್ ಮುಂದೆ ನಿಂತು ಅವನೂ ಹಂಬಲಿಸುತ್ತಿದ್ದ.

ಶನಿವಾರ ಸಂಜೆ ಆರ್.ಟಿ. ನಗರದ ನೂರುಲ್ಲಾನ ಸೈಕಲ್ ಅಂಗಡಿಗೆ ಹೋದ. ನೂರುಲ್ಲಾ ಸಣ್ಣ ಪಂಪುಗಳನ್ನು ಸ್ಟೂಲಿನ ಮೇಲೆ ಸಾಲಾಗಿ ಇಟ್ಟ. ಫ್ರೇಮಿಗೆ ಸಿಕ್ಕಿಸುವಂಥದ್ದನ್ನು ಎತ್ತಿ ತೋರಿಸಿದ. "ಇದ್ ತಗೊಳಿ ಸಾರ್, ದೂರ ಹೋಗೋರ್ಗೆಲ್ಲಾ ಇದೇ ಬೆಸ್ಟು."

"ಬ್ಯಾಡ. ಹೊರಗ ಕಾಣಸ್ತೈತಿ."

"ಕಾಣ್ಲಿ ಬಿಡಿ, ಶೋಕಿ ಇರತ್ತೆ."

"ಚೀಲದಾಗ ಮುಚ್ಚಿಡೂವಂಥಾದ್ದು ಬೇಕು."

ನೂರುಲ್ಲಾ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅರೆ, ಪಂಪ್ ಬಚ್ಚಿಡೋ ಗಿರಾಕೀನ ಇವತ್ತೇ ನೋಡಿದ್ದು ಕಣ್ರೀ. ಕಳ್ಳ ಮಾಲಾ?"

ಆಮೇಲೆ ಒಂದು ಮೊಳಕ್ಕೂ ಗಿಡ್ಡನೆಯ ಪಂಪನ್ನು ಕೈಗಿಟ್ಟ. ಅದರ ರಬ್ಬರ್ ನಳಿಗೆ ಬಿಚ್ಚಿ ಹಿಡಿಯೊಳಗೇ ಮಡಚಿಡಬಹುದಿತ್ತು. ಮುರಿಗೆಪ್ಪ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹೊಡೆದು ನೋಡಿದ. ಗಾಳಿ ಬೆರಳನ್ನು ತಳ್ಳಿತು. ನಳಿಗೆಯ ತಿರುಪು ತಿರುಗಿಸಿ ನೋಡಿದ, ಗಟ್ಟಿಯಾಗಿತ್ತು. ನೂರುಲ್ಲಾ ಮಾತ್ರ ಮೊದಲೇ ಎಚ್ಚರಿಸಿದ. "ಉದ್ದ ಕಮ್ಮಿ ಅಲ್ವಾ, ಕೈಗೆ ಕೆಲ್ಸ ಜಾಸ್ತಿ. ಒಂದ್ ಟೈರಿಗೆ ಇನ್ನೂರು ಸಲ ಹೊಡೀಬೇಕು. ಒಳಗಿರೋ ಚರ್ಮದ ವಾಷರ್ ಒಣಗ್ಬಾರ್ದು, ಎಣ್ಣೆ ಬಿಡ್ತಾ ಇರಿ. ಧೂಳು ಗೀಳು ಹೋದ್ರೆ ಢಮಾರ್. ಆಮೇಲೆ ಬಂದು ನನ್ನ ಬೈಬಾರ್ದು."

ಮುರಿಗೆಪ್ಪ ಹೂಂ ಹೂಂ ಎಂದ. ಕೋಣೆಗೆ ಬಂದು ಹಳೆಯ ಪಂಪನ್ನು ಕ್ಯಾರಿಯರಿನಿಂದ ಬಿಚ್ಚಿಟ್ಟ. ಹೊಸದನ್ನು ಎಲ್ಲಿಟ್ಟ ಗೊತ್ತೇ? ನೇರ ಜೋಳದ ಹಿಟ್ಟಿನೊಳಗೆ ಹೂತಿಟ್ಟ, ಪುಣ್ಯಾತ್ಮ. ಯಾರಿಗೂ ಕಾಣಬಾರದಲ್ಲ!

ಮರುದಿನ ರಸ್ತೆ ಅವನ ಪಾಲಿಗೆ ಬೆಣ್ಣೆಯಂತಾಯಿತು. ಯಾರೂ ಕೈ ಎತ್ತಲಿಲ್ಲ, ಯಾರೂ ಸಾರ್ ಎನ್ನಲಿಲ್ಲ. ಎಂಟೂವರೆಗೆಲ್ಲ ಬೆಟ್ಟಹಲಸೂರು ಕ್ರಾಸ್. ಅಲ್ಲಿ ಮುನಿರಾಮಯ್ಯ ನಿಂತಿದ್ದ. ಯಲಹಂಕದ ಸಂತೆಗೆ ಸೊಪ್ಪು ಒಯ್ಯುವವನು, ಮುರಿಗೆಪ್ಪನ ಪಂಪಿನ ಹಳೆಯ ಗಿರಾಕಿ. ಎರಡು ಕುಕ್ಕೆ ಸೊಪ್ಪು ಹೊತ್ತ ಅವನ ಸೈಕಲ್ಲಿನ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಅವನ ಕಣ್ಣು ಮೊದಲು ಕ್ಯಾರಿಯರಿನ ಕಡೆಗೇ ಹೋಯಿತು.

"ವಾಲ್ ಟ್ಯೂಬ್ ಒಸದು ಆಕಿವ್ನಿ ಸಾರ್, ಗಾಳಿ ಒಂದೇ ಬೇಕಾಗಿತ್ತು. ಪಂಪು ತಂದಿಲ್ವಾ?"

ಮುರಿಗೆಪ್ಪನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. "ಇವತ್ತ ಇಲ್ಲರಿ."

"ಓಗ್ಲಿ ಬುಡಿ. ನೀವ್ ಓಗಿ ಸಾರ್, ಟೀಚರಮ್ಮ ಕಾಯ್ತಾ ಇರ್ತಾರೆ."

ಬೈದಿದ್ದರೆ ಚೆನ್ನಾಗಿತ್ತು. ಉಳಿದ ಎರಡು ಮೈಲಿಯನ್ನು ಮುರಿಗೆಪ್ಪ ಹಿಂದೆ ತಿರುಗಿ ತಿರುಗಿ ನೋಡುತ್ತಲೇ ತುಳಿದ.

ಒಂಬತ್ತು ಹೊಡೆಯುವ ಮೊದಲೇ ಗಂಡ ಬಂದದ್ದು ಕಂಡು ಚನ್ನಕ್ಕನಿಗೆ ಕೈಕಾಲು ಆಡಲಿಲ್ಲ. ತಲೆಸ್ನಾನಕ್ಕೆಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಹಾಗೇ ಗಂಟು ಕಟ್ಟಿಕೊಂಡು, ನಗುತ್ತಾ ಚೀಲ ಇಸಕೊಂಡು ಒಲೆಯ ಮುಂದೆ ಕೂತಳು. ಹಿಟ್ಟಿಗೆ ಕೈ ಹಾಕಿದರೆ ಪಂಪು!

"ಅಯ್ಯ, ಇದೆಂಥಾ ಜೋಳರೀ!" ಎಂದು ಬಿದ್ದು ಬಿದ್ದು ನಕ್ಕಳು. ಗಂಡ ನಗಲಿಲ್ಲ. "ಯಾಕ, ಮಾರಿ ಹಂಗ್ಯಾಕ್ ಮಾಡೀರಿ?" ಎಂದು ಕೇಳಿದ್ದೇ ತಡ, ಮುನಿರಾಮಯ್ಯನ ಕತೆಯನ್ನೆಲ್ಲ ಒದರಿಬಿಟ್ಟ.

ಚನ್ನಕ್ಕನ ನಗು ನಿಂತಿತು. ಹಿಟ್ಟಿನ ಕೈ ಕೊಡವಿಕೊಂಡಳು. ಅವಳಿಗೂ ಸಂಕಟ. ಆ ದೊಡ್ಡ ಪಂಪು ಬಂದ ಮೇಲೆ ಮೊದಲ ಸಲ ಪೂರಾ ಒಂದು ದಿನ ಕೈಗೆ ಸಿಕ್ಕಿತ್ತು.

"ಸಣ್ಣ ಪಂಪ್ ತಗೋರಿ ಅಂದಿದ್ದೆ. ಸಣ್ಣ ಮನಸ್ಸ್ ಮಾಡ್ರಿ ಅಂದಿದ್ನೇನು?"

"ಹೋಗಿ ಹಾಕಿ ಬರ್ತೀನಿ. ಅರ್ಧ ತಾಸನ್ಯಾಗ ಬರ್ತೀನಿ."

"ನಿಮ್ಮ ಅರ್ಧ ತಾಸು ನಂಗೊತ್ತಿಲ್ಲೇನು? ನಾನೂ ಬರ್ತೀನಿ, ನಡೀರಿ."

"ಎದರ ಮ್ಯಾಲ ಬರ್ತಿ?"

ಚನ್ನಕ್ಕ ಅಂಗಳಕ್ಕೆ ಬಂದು ಕ್ಯಾರಿಯರು ತೋರಿಸಿದಳು. ಖಾಲಿಯಿತ್ತು. ಹತ್ತಿರ ಹತ್ತಿರ ಎರಡು ವರ್ಷ ಆ ಜಾಗದಲ್ಲಿ ದೊಡ್ಡ ಪಂಪು ಮಲಗಿತ್ತು. ಹೆಂಡತಿ ಕೂರಬಹುದಾದ ಜಾಗ ಅದು ಎಂದು ಮುರಿಗೆಪ್ಪನಿಗೆ ಹೊಳೆದೇ ಇರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಪು ಹಿಡಿದುಕೊಂಡು ಒಂದೇ ಪಕ್ಕಕ್ಕೆ ಕೂತಳು. ಅಕ್ಕಯ್ಯಮ್ಮ ಬಾಗಿಲಿಂದ ಇಣುಕಿ, "ಎಣ್ಣೆ ತಲೇಲಿ ಎಲ್ಲಿಗಮ್ಮಾ ಸವಾರಿ?" ಎಂದು ಕೂಗಿದ್ದು ರಸ್ತೆವರೆಗೂ ಕೇಳಿಸಿತು.

ಮುನಿರಾಮಯ್ಯ ಅಷ್ಟರಲ್ಲಿ ಸೈಕಲ್ಲು ತಳ್ಳಿಕೊಂಡು ಯಲಹಂಕದ ಕಡೆಯ ಏರ್‌ಫೋರ್ಸ್ ನೆಲೆಯ ಗೋಡೆಯ ಹತ್ತಿರ ಹೋಗಿದ್ದ. ಬಿಸಿಲೇರಿತ್ತು, ಸೊಪ್ಪು ತಲೆ ಬಾಗಿಸಿತ್ತು.

"ಸುಳ್ಳ ಹೇಳಿದೆ ಮುನಿರಾಮಯ್ಯ. ಪಂಪ್ ಚೀಲದಾಗ ಇತ್ತು," ಎಂದ ಮುರಿಗೆಪ್ಪ.

ಮುನಿರಾಮಯ್ಯ ಅವನ ಮುಖ ನೋಡಿದ, ಟೀಚರಮ್ಮನ ಮುಖ ನೋಡಿದ. "ಇನ್ಮೇಲೆ ಚೀಲಾನೂ ನೋಡ್ತೀನಿ ಬುಡಿ," ಎಂದು ನಕ್ಕುಬಿಟ್ಟ.

ಮುರಿಗೆಪ್ಪ ನಳಿಗೆ ತಿರುಪಿ ಹೊಡೆದ. ಗಾಳಿಯ ಬದಲು ಬುಸ್ ಎಂದು ಬಿಳಿ ಹಿಟ್ಟು ಎದ್ದು ಮೂವರ ಮುಖಕ್ಕೂ ಬಡಿಯಿತು. ಮತ್ತೆ ಹೊಡೆದರೆ ಅದೂ ಇಲ್ಲ. ಬಿಚ್ಚಿ ನೋಡಿದರೆ ಚರ್ಮದ ವಾಷರಿನ ಎಣ್ಣೆಯನ್ನೆಲ್ಲ ಹಿಟ್ಟು ಹೀರಿಕೊಂಡು ಒಣಗಿಸಿಬಿಟ್ಟಿದೆ. ಎಣ್ಣೆಗೆ ಎಲ್ಲಿಗೆ ಹೋಗುವುದು? ಚನ್ನಕ್ಕ ವಾಷರನ್ನು ಸೆರಗಿನಲ್ಲಿ ಒರೆಸಿದಳು. ಗಂಟು ಬಿಚ್ಚಿ, ಎಣ್ಣೆ ಒಸರುತ್ತಿದ್ದ ತನ್ನ ಕೂದಲಲ್ಲಿ ಅದನ್ನು ನಾಲ್ಕು ಸಲ ತಿಕ್ಕಿ ಕೊಟ್ಟಳು. ಪಂಪು ಉಸಿರಾಡಿತು.

ನೂರುಲ್ಲಾ ಸುಳ್ಳಾಡಿರಲಿಲ್ಲ, ಇನ್ನೂರೇ ಬೇಕಾಯಿತು. ಚನ್ನಕ್ಕ ಮಗ್ಗಿ ಹೇಳಿಸುವ ದನಿಯಲ್ಲಿ ಎಣಿಸಿದಳು. ಐವತ್ತಕ್ಕೆ ಗಂಡ ಬೆವೆತು ನಿಂತ, "ಸರೀರಿ ಅತ್ತ" ಎಂದು ತಾನೇ ಹಿಡಿದಳು. ಕೊನೆಯ ಐವತ್ತು ಮುನಿರಾಮಯ್ಯನದು. ಹೊರಡುವಾಗ ಅವನು ಒಂದು ಕಟ್ಟು ದಂಟಿನ ಸೊಪ್ಪನ್ನು ಬೇಡವೆಂದರೂ ಬಿಡದೆ ಅವಳ ಮಡಿಲಿಗೆ ಹಾಕಿದ.

ವಾಪಸು ಬರುವ ದಾರಿಯಲ್ಲಿ ಇನ್ನೂ ಇಬ್ಬರು ಸಿಕ್ಕರು. ಪಂಪು ಈಗ ಚನ್ನಕ್ಕನ ಮಡಿಲಲ್ಲಿ ಎಲ್ಲರಿಗೂ ಕಾಣುವಂತೆ ಕೂತಿತ್ತಲ್ಲ. ರೊಟ್ಟಿ ಬೇಯುವಾಗ ಒಂದು ಗಂಟೆ ದಾಟಿತ್ತು. ಚನ್ನಕ್ಕ ಆ ದಿನ ತಡವಾಯಿತೆಂಬ ಮಾತೇ ಎತ್ತಲಿಲ್ಲ.

ಅಲ್ಲಿಂದ ಮುಂದೆ ಭಾನುವಾರಗಳು ಹಾಗೇ ನಡೆದವು. ಮುರಿಗೆಪ್ಪ ಒಂಬತ್ತೂವರೆಯೊಳಗೆ ಬರುತ್ತಿದ್ದ. ಪಂಪನ್ನು ಹಿಟ್ಟಿನಲ್ಲಲ್ಲ, ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ತಾನೇ ನಿಲ್ಲಿಸಿ, ಗಾಳಿ ಹೊಡೆದುಕೊಟ್ಟು, ಚೈನಿನ ಕಡೆ ಕಣ್ಣೆತ್ತಿಯೂ ನೋಡದೆ ಹತ್ತಿಬಿಡುತ್ತಿದ್ದ. ತಿಂಡಿ ಮುಗಿದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಸುತ್ತಲಿನ ಹಳ್ಳಿ ದಾರಿಗಳನ್ನೆಲ್ಲ ತುಳಿಯುತ್ತಿದ್ದ. ಹೇಳಿಕೊಳ್ಳುವಂಥದ್ದೇನೂ ಇಲ್ಲದ ಸುಖ ಅದು.

ಎಂಬತ್ತಮೂರರಲ್ಲಿ ಚನ್ನಕ್ಕನಿಗೆ ಹೆಬ್ಬಾಳಕ್ಕೆ ವರ್ಗವಾಯಿತು. ಕೊನೆಗೂ ಆರ್.ಟಿ. ನಗರದಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ, ಒಂದೇ ಒಲೆ. ಅಲ್ಲಿ ಮೊದಲ ಭಾನುವಾರ ಬೆಳಿಗ್ಗೆ ಮುರಿಗೆಪ್ಪ, ಇನ್ನೇನು ಅವಸರ ಎಂದು ಕಾಲು ಚಾಚಿ ಮಲಗಿದ್ದ. ಏಳೂವರೆಗೆ ಚನ್ನಕ್ಕ ಬಂದು ಹೊದಿಕೆ ಎಳೆದಳು. ಕೈಯಲ್ಲಿ ರೊಟ್ಟಿಯ ಗಂಟು, ಪಂಪು.

"ಏಳ್ರಿ, ಹೊತ್ತಾತು."

"ಇನ್ನ ಯಾರ್ನ ನೋಡಾಕ ಹೋಗೂದೈತಿ? ನೀ ಇಲ್ಲೇ ಅದೀಯಲ್ಲ."

"ಹೌದು. ಇಷ್ಟ್ ದಿನಾ ನೀವೊಬ್ರ ಬಂದ್ರಿ ಆ ದಾರೀಲೆ. ಜಕ್ಕೂರ ಕೆರಿ, ಹೆಬ್ಬಾಳ ಕೆರಿ ಅಂತ ಬರೇ ಬಾಯೀಲೆ ಹೇಳಿದ್ರಿ. ಅದನ್ನೆಲ್ಲಾ ನಂಗ ತೋರಸ್ರಿ ಇವತ್ತ, ನಿಂತು ನಿಂತು. ಯಾರೂ ಕಾಯಾಕತ್ತಿಲ್ಲ."

ಮುರಿಗೆಪ್ಪ ಎದ್ದು ಮುಖ ತೊಳೆದ.