ಬಾವಿಯ ಮೇಲಿನ ಗಡಿಯಾರ

ನಮ್ಮತ್ತೆ ಮುತ್ಯಾಲಮ್ಮ ಸರ್ಕಾರಿ ಕೆಲಸ ಮಾಡುತ್ತಿದ್ದರು ಎಂದರೆ ಈಗ ನಮ್ಮ ಮಕ್ಕಳೂ ನಂಬುವುದಿಲ್ಲ. ಆವನಿಯ ಹತ್ತಿರದ ನಮ್ಮ ಸಣ್ಣ ಊರಿನಲ್ಲಿ, ಹೆಬ್ಬೆಟ್ಟು ಒತ್ತುವ ಈ ಹೆಂಗಸು ಎಂಟೊಂಬತ್ತು ವರ್ಷ ಕೋಲಾರದ ಆಫೀಸಿಗೆ ಭೂಮಿಯೊಳಗಿನ ನೀರಿನ ಸುದ್ದಿ ಕಳಿಸುತ್ತಿದ್ದರು. ಮೊದಮೊದಲು ನಿಜವಾದ ಸುದ್ದಿ, ಆಮೇಲೆ ಸುಳ್ಳು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಎಪ್ಪತ್ನಾಲ್ಕರಲ್ಲಿ. ಹೋಗುವ ಮುಂಚೆ ನಮ್ಮ ಕಡೆಯವರೆಲ್ಲ ಹೆದರಿಸಿದ್ದರು, ನಿನ್ನತ್ತೆಯ ಬಾಯಿ ದೊಡ್ಡದು, ಹುಷಾರು ಅಂತ. ಅಲ್ಲಿ ನೋಡಿದರೆ ಆ ಬಾಯಿಯಲ್ಲಿ ಬೈಗುಳವೇ ಇಲ್ಲ. ಮುದ್ದೆ ಗಂಟಾದರೂ ಸುಮ್ಮನೆ ಉಣ್ಣುತ್ತಿದ್ದರು. ಕರು ಹಗ್ಗ ಬಿಚ್ಚಿಕೊಂಡು ಹೋಗಿ ರಾಗಿ ಪೈರು ಮೇಯ್ದರೂ ಹಿಡಿದು ತಂದು ಕಟ್ಟುತ್ತಿದ್ದರೇ ಹೊರತು ಒಂದು ಮಾತಿಲ್ಲ. ಬೈಯುವ ಅತ್ತೆಯ ಜೊತೆ ಹೇಗೆ ಏಗಬೇಕು ಎಂದು ತಯಾರಾಗಿ ಹೋಗಿದ್ದ ನನಗೆ ಬೈಯದ ಅತ್ತೆಯನ್ನು ಕಂಡು ಹೆದರಿಕೆಯಾಯಿತು. ಎಷ್ಟೋ ಸಲ ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ನೋಡಿದ್ದೇನೆ, ಏನಾದರೂ ಅನ್ನಲಿ ಎಂದು. ಅನ್ನಲಿಲ್ಲ.

ಕಾರಣ ಹೇಳಿದವಳು ಪಕ್ಕದ ಮನೆಯ ಮುನಿಯಲ್ಲಮ್ಮ. ಅತ್ತೆಗೆ ಒಬ್ಬ ಮಗಳಿದ್ದಳು, ನನ್ನ ಗಂಡ ಗಂಗುಲಪ್ಪನ ತಂಗಿ, ವೆಂಕಟರತ್ನ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಅತ್ತೆಯೂ ಅವಳನ್ನು ತಮ್ಮ ಸೊಣ್ಣಪ್ಪನಿಗೆ ಎಂದು ಹುಟ್ಟಿದಾಗಲೇ ನಿಶ್ಚಯ ಮಾಡಿಕೊಂಡಿದ್ದರು. ಹುಡುಗಿ ಒಲ್ಲೆ ಅಂದಳು. ಅಮ್ಮನ ಬಾಯಿ ಸುಮ್ಮನಿರುತ್ತದೆಯೇ? ನನ್ನ ತಮ್ಮ ಬೇಡವಾದರೆ ಬಾವಿ ಐತೆ ಹೋಗಿ ಬೀಳು, ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರಂತೆ. ಕೋಪದಲ್ಲಿ ಯಾವ ತಾಯಿ ಅನ್ನುವುದಿಲ್ಲ? ಮಾರನೆಯ ಬೆಳಗ್ಗೆ ರತ್ನ ಬಾವಿಯ ದಾರಿ ಹಿಡಿದದ್ದನ್ನು ಕಂಡವರಿದ್ದಾರೆ. ತಿರುಗಿ ಬಂದದ್ದನ್ನು ಕಂಡವರಿಲ್ಲ.

ಎಪ್ಪತ್ತರ ಕಾರ್ತಿಕ ಅದು. ಮಳೆಗೆ ಬಾವಿ ಮೇಲಿನ ಮೆಟ್ಟಿಲವರೆಗೆ ತುಂಬಿತ್ತು. ಈಜು ಬಲ್ಲವರು ಮುಳುಗಿ ನೋಡಿ, ತಳದಲ್ಲಿ ಬಂಡೆಯ ಸಂದು ಇದೆ, ಹೂಳಿದೆ, ಕೈಗೆ ಏನೂ ಸಿಗುವುದಿಲ್ಲ ಎಂದು ನಡುಗುತ್ತಾ ಮೇಲೆ ಬಂದರು. ಹೆಣ ತೇಲಲೂ ಇಲ್ಲ. ಬಿದ್ದಳೋ, ಬಾವಿಯ ಹಿಂದಿನ ದಾರಿಯಲ್ಲಿ ರಸ್ತೆಗೆ ಹೋಗಿ ಬಸ್ಸು ಹತ್ತಿದಳೋ, ದೇವರಿಗೇ ಗೊತ್ತು. ಊರವರು ಆ ಬಾವಿಯಿಂದ ನೀರು ಸೇದುವುದನ್ನು ಬಿಟ್ಟರು. ಅತ್ತೆ ಬೈಯುವುದನ್ನು ಬಿಟ್ಟರು.

ಎಪ್ಪತ್ತಾರರಲ್ಲಿ ಕೋಲಾರದಿಂದ ಜೀಪು ಬಂತು. ಬಂದವರು ಚನ್ನರಾಯಪ್ಪ ಎಂಬ ಮಾಲೂರು ಕಡೆಯ ಅಧಿಕಾರಿ, ಮೃದು ಮಾತಿನವರು. ಯಾರೂ ನೀರು ಸೇದದ ಬಾವಿ ಬೇಕು ಎಂದು ಹುಡುಕುತ್ತಿದ್ದರು. ಸೇದಿದರೆ ಬಾವಿಯ ಲೆಕ್ಕ ಸಿಗುತ್ತದೆ, ಸೇದದಿದ್ದರೆ ಭೂಮಿಯ ಲೆಕ್ಕ ಸಿಗುತ್ತದೆ ಎಂದರು. ನಮ್ಮ ಬಾವಿಗಿಂತ ಒಳ್ಳೆಯದು ತಾಲೂಕಿನಲ್ಲೇ ಅವರಿಗೆ ಸಿಗಲಾರದು, ಅಲ್ಲವೇ! ಬಾವಿಯ ಮೇಲೆ ಎರಡು ತೊಲೆ ಹಾಕಿ, ಅದರ ಮೇಲೊಂದು ತಗಡಿನ ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆಯಿಂದ ಒಂದು ತಂತಿ ಕೆಳಗಿಳಿದಿತ್ತು, ಅದರ ತುದಿಗೆ ಕಟ್ಟಿದ ಬೆಂಡು ನೀರಿನ ಮೇಲೆ ತೇಲುತ್ತಿತ್ತು. ನೀರು ಏರಿದರೆ ಬೆಂಡು ಏರುತ್ತದೆ, ಇಳಿದರೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಒಳಗೊಂದು ಪೆನ್ನು, ಗಡಿಯಾರದಿಂದ ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆಗಳೆಲ್ಲ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತವಂತೆ. ಸಾವಿರ ಬಾವಿಗಳ ಸುದ್ದಿ ಒಂದೆಡೆ ಸೇರಿದರೆ ಯಾವ ಸೀಮೆ ಒಣಗುತ್ತಿದೆ ಎಂದು ಮುಂಚೆಯೇ ತಿಳಿಯುತ್ತದಂತೆ.

ವಾರಕ್ಕೊಮ್ಮೆ ಕೀಲಿ ಕೊಟ್ಟು ಕಾಗದ ಬದಲಿಸಲು ಊರಲ್ಲೊಬ್ಬರು ಬೇಕಾಗಿತ್ತು. ಆ ಬಾವಿಯ ಹತ್ತಿರ ಹೋಗಲು ಗಂಡಸರೇ ಹಿಂದೆ ಸರಿದರು. "ನಾನ್ ಮಾಡ್ತೀನಿ ಸ್ವಾಮಿ," ಎಂದು ಅತ್ತೆ ಎದ್ದು ನಿಂತರು. ಅಷ್ಟು ಜನರ ನಡುವೆ ಅವರು ಬಾಯಿ ತೆರೆದದ್ದನ್ನು ಕಂಡು ನನ್ನ ಗಂಡ ಬೆಚ್ಚಿದರು.

ಪೆಟ್ಟಿಗೆಯ ಟಿಕ್ ಟಿಕ್ ಸದ್ದು ಬಾವಿಯೊಳಗೆ ಬಿದ್ದು ದೊಡ್ಡದಾಗಿ ಕೇಳುತ್ತಿತ್ತು. ಮಟಮಟ ಮಧ್ಯಾಹ್ನ, ಹೊಲದಲ್ಲಿ ಯಾರೂ ಇಲ್ಲದಾಗ ಆ ಕಡೆ ಹೋದರೆ, ನೀರಿನ ಅಡಿಯಿಂದ ಯಾರೋ ಉಗುರಿನಲ್ಲಿ ಕಲ್ಲು ಕುಟ್ಟಿದ ಹಾಗೆ. ದನ ಕಾಯುವವರು ದಾರಿ ಬದಲಿಸಿದರು. ಅತ್ತೆಗೆ ಮಾತ್ರ ಅಲ್ಲಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಬೇಕಾದವರು ದಿನಾ ಹೋಗಿ ಪೆಟ್ಟಿಗೆ ತೆರೆದು ಗೆರೆ ನೋಡುತ್ತಾ ಕೂರುತ್ತಿದ್ದರು. ಗೆರೆ ನೆಟ್ಟಗಿತ್ತು. ಮಳೆಗಾಲದಲ್ಲಿ ನಿಧಾನವಾಗಿ ಏರುವುದು, ಬೇಸಿಗೆಯಲ್ಲಿ ನಿಧಾನವಾಗಿ ಇಳಿಯುವುದು, ಇಷ್ಟೇ.

ಎಪ್ಪತ್ತೊಂಬತ್ತರಲ್ಲಿ ಒಂದು ದಿನ ಅತ್ತೆ ಓಡುತ್ತಾ ಮನೆಗೆ ಬಂದರು. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ನನ್ನ ಕೈ ಹಿಡಿದು ಎಳೆದರು.

"ಬಾರೇ ಭಾರ್ತಿ, ಬಾ, ನೋಡು. ರತ್ನ ಉಸಿರಾಡ್ತಾವ್ಳೆ."

ತಲೆ ಕೆಟ್ಟಿತು ಎಂದುಕೊಂಡೇ ಹಿಂದೆ ಹೋದೆ. ಪೆಟ್ಟಿಗೆಯಲ್ಲಿ ನೋಡುತ್ತೇನೆ, ನೆಟ್ಟಗಿದ್ದ ಗೆರೆ ಅಲೆಯಾಗಿದೆ. ಹಗಲು ಇಳಿದಿದೆ, ರಾತ್ರಿ ಏರಿದೆ, ಮತ್ತೆ ಇಳಿದಿದೆ, ಮತ್ತೆ ಏರಿದೆ. ಮಲಗಿದವರ ಎದೆ ಏರಿಳಿದ ಹಾಗೆ. ಬಾವಿಗೆ ಕೊಡ ಇಳಿದು ಒಂಬತ್ತು ವರ್ಷವಾಗಿತ್ತು. ಬಗ್ಗಿ ನೋಡಿದೆ. ನೀರು ಕಪ್ಪಗೆ, ಅಲುಗಾಡದೆ ಇತ್ತು. ನಾನು ಅಲ್ಲೇ ನಿಂತಿರುವಾಗಲೇ ಪೆನ್ನು ಸ್ವಲ್ಪ ಕೆಳಗೆ ಜಾರಿತು. ನಾನು ಹಿಂತಿರುಗಿ ನೋಡದೆ ಮನೆಗೆ ಬಂದೆ.

ಮುಂದಿನ ಸಲ ಬಂದಾಗ ಚನ್ನರಾಯಪ್ಪನವರು ಗೆರೆ ನೋಡಿ ನಕ್ಕರು. "ಹತ್ರದಲ್ಲಿ ಯಾರಾದ್ರೂ ಹೊಸದಾಗಿ ಬೋರ್ ಕೊರೆಸಿದ್ದೀರಾ?" ಎಂದರು. ಕೊರೆಸಿದವರು ನಾವೇ. ದಿಣ್ಣೆಯ ಆಚೆ, ಹಿಪ್ಪುನೇರಳೆ ತೋಟಕ್ಕೆ. ಕರೆಂಟು ಬಂದಾಗ ಮೋಟಾರು ಓಡುತ್ತದೆ, ಬಾವಿಯ ನೀರು ಇಳಿಯುತ್ತದೆ. ಕರೆಂಟು ಹೋದಾಗ ಏರುತ್ತದೆ. ಮೇಲೆ ಹೊಲ ಬೇರೆ ಬೇರೆಯಾದರೂ ಅಡಿಯ ನೀರು ಒಂದೇ ಎಂದು ವಿವರಿಸಿದರು. ಅನುಮಾನವಿದ್ದರೆ ಒಂದು ದಿನ ಮೋಟಾರು ಹಾಕಬೇಡಿ ಎಂದರು. ಹಾಕಲಿಲ್ಲ. ಗೆರೆ ನೆಟ್ಟಗೆ ಬಂತು. ನನಗೆ ಸಮಾಧಾನವಾಯಿತು.

ಅತ್ತೆಯೂ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ಮಗನಿಗೆ ಹೇಳಿದರು, "ಅಣ್ಣ ನೀರೆಳೆದ್ರೆ ತಂಗಿಗೆ ತಿಳೀತದೆ ಕಣೋ. ಅದಕ್ಕೇ ಅವ್ಳು ಉಸಿರೆಳ್ಕೊಳ್ಳೋದು."

ಇದಕ್ಕೆ ಯಾವ ಅಧಿಕಾರಿ ಏನು ಹೇಳಿಯಾನು? ನನ್ನ ಗಂಡ ಅಂದಿನಿಂದ ಮೋಟಾರಿನ ಗುಂಡಿ ಒತ್ತುವಾಗ ಒಂದು ಗಳಿಗೆ ಕೈ ತಡೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇಲ್ಲದವಳ ಉಸಿರು ನೋಡುತ್ತಾ ಕೂತರೆ ಇರುವ ಹುಳಕ್ಕೆ ಸೊಪ್ಪು ಎಲ್ಲಿಂದ ತರುವುದು? "ಒತ್ತಿ ಅತ್ಲಾಗೆ," ಎಂದು ನಾನೇ ಗದರುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಮೋಟಾರು ಹೊಡೆದುಕೊಳ್ಳಲು ಶುರುವಾದಾಗ ನನ್ನ ಕಣ್ಣೂ ದಿಣ್ಣೆಯ ಕಡೆ ಹೋಗುತ್ತಿತ್ತು.

ಸುತ್ತಮುತ್ತ ಒಂದೊಂದಾಗಿ ಬೋರುಗಳು ಹೆಚ್ಚಿದವು. ಉಸಿರು ದೊಡ್ಡದಾಯಿತು, ಪ್ರತಿ ಉಸಿರಿಗೂ ಬಾವಿ ಸ್ವಲ್ಪ ಸ್ವಲ್ಪ ಕೆಳಗೆ ಹೋಯಿತು. ಯಾರೂ ಎಂದೂ ಕಾಣದ ಮೆಟ್ಟಿಲುಗಳು ಪಾಚಿ ಕಟ್ಟಿಕೊಂಡು ಹೊರಬಿದ್ದವು. ನೀರು ಹೀಗೇ ಇಳಿದರೆ ಒಂದು ದಿನ ತಳ ಕಾಣುತ್ತದೆ, ತಳ ಕಂಡರೆ ತಮ್ಮ ಮಾತು ಮಗಳನ್ನು ಕೊಂದಿತೋ ಇಲ್ಲವೋ ಗೊತ್ತಾಗುತ್ತದೆ. ಇದು ಅತ್ತೆಗೂ ಹೊಳೆದಿರಬೇಕು. ಮುಖ ಸಣ್ಣಗಾಗುತ್ತಾ ಬಂತು. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ಬಾವಿಯ ಕಡೆ ಕಿವಿಗೊಡುತ್ತಿದ್ದರು.

ಎಂಬತ್ತಮೂರರ ಹೊತ್ತಿಗೆ ಚನ್ನರಾಯಪ್ಪನವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವನು ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ. ಅತ್ತೆ ಕಾಗದಗಳನ್ನು ಸುರುಳಿ ಸುತ್ತಿ ಕಿಟಕಿಯಲ್ಲಿ ಕೊಟ್ಟರೆ ತೆಗೆದುಕೊಂಡು ಹೋಗುತ್ತಿದ್ದ. ಆ ವರ್ಷ ಅತ್ತೆಯ ಮುಖ ಮತ್ತೆ ಹಗುರಾಯಿತು. ಮಳೆ ಚೆನ್ನಾಗಿ ಆಗಿರಲಿಲ್ಲ, ಆದರೂ "ನೀರು ನಿಂತೈತೆ ಕಣೇ" ಎನ್ನುತ್ತಿದ್ದರು. ನಾನು ಬಾವಿಯ ಹತ್ತಿರ ಹೋಗುವುದನ್ನು ಎಂದೋ ಬಿಟ್ಟಿದ್ದೆ. ಹೌದೇನೋ ಅಂದುಕೊಂಡೆ.

ಮಾರನೆಯ ವರ್ಷ ಬೋರ್ ಲಾರಿಗಳು ಸಾಲುಗಟ್ಟಿ ಬಂದವು. ಸಾಲ ಕೊಡುವ ಮುಂಚೆ ಬ್ಯಾಂಕಿನವರು ಕೋಲಾರದ ಆಫೀಸನ್ನು ಕೇಳುತ್ತಾರೆ, ಆಫೀಸಿನವರು ಬಾವಿಯ ಗೆರೆ ನೋಡಿ ಹೇಳುತ್ತಾರೆ. ಸುತ್ತಲಿನ ಊರುಗಳಲ್ಲೆಲ್ಲ ನೀರು ಇಳಿಯುತ್ತಿದೆ, ನಿಮ್ಮಲ್ಲಿ ಮಾತ್ರ ಒಂದು ಬೆರಳೂ ಇಳಿದಿಲ್ಲ, ಇಲ್ಲಿ ಎಷ್ಟು ಬೇಕಾದರೂ ಕೊರೆಸಬಹುದು ಎಂದು ತೀರ್ಮಾನವಾಗಿತ್ತು. ಹಗಲೆಲ್ಲ ಬಂಡೆ ಕೊರೆಯುವ ಸದ್ದು. ಬಿಳಿ ಧೂಳು ಹಿಪ್ಪುನೇರಳೆ ಎಲೆಯ ಮೇಲೆ ಕೂತು ಹುಳಗಳು ಸೊಪ್ಪು ಮುಟ್ಟಲಿಲ್ಲ. ಧೂಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ನಮ್ಮ ಬೋರಿನಲ್ಲೇ ನೀರು ಸಣ್ಣಗಾಗಿದೆ, ಬಾವಿಯಲ್ಲಿ ಮಾತ್ರ ಹೇಗೆ ನಿಲ್ಲುತ್ತದೆ?

ಎಂಬತ್ತೈದರ ಬೇಸಿಗೆಯ ಒಂದು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಉರುಳೆ ತಿರುಗುತ್ತಿತ್ತು. ಪೆನ್ನು ನೆಟ್ಟಗೆ, ಚೆಂದವಾಗಿ ಗೆರೆ ಎಳೆಯುತ್ತಿತ್ತು. ಕೆಳಗೆ ಬಗ್ಗಿದರೆ ನೀರೇ ಇಲ್ಲ. ಕೆಸರು. ಬೆಂಡು ಬಾವಿಯ ನಡುವೆ ಗಾಳಿಯಲ್ಲಿ ನೇತಾಡುತ್ತಿತ್ತು. ತಂತಿಯನ್ನು ಅರಿಶಿನ ಹಚ್ಚಿದ ದಾರದಲ್ಲಿ ತೊಲೆಗೆ ಬಿಗಿಯಾಗಿ ಕಟ್ಟಿತ್ತು, ದೇವರಿಗೆ ಮುಡಿಪು ಕಟ್ಟುವ ಹಾಗೆ ಮೂರು ಗಂಟು ಹಾಕಿ. ಇಲ್ಲದ ನೀರಿನ ಮಟ್ಟವನ್ನು ಆ ಯಂತ್ರ ಬರೆಯುತ್ತಲೇ ಇತ್ತು.

ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದಾರೆ.

"ಇದೇನು ಅತ್ತೆ ಮಾಡಿದ್ರಿ?" ಅಂದೆ.

"ನೀರು ಇಳೀತೈತೆ ಅಂತ ಗೊತ್ತಾದ್ರೆ ಆಫೀಸ್ನೋರು ಬಾವಿ ತೋಡ್ಸಿ ತಳ ನೋಡ್ತಾರೆ ಅಂದ್ಕೊಂಡೆ," ಎಂದರು ಅತ್ತೆ. "ಯಾರೂ ತಳ ನೋಡ್ಬಾರ್ದು ಅಂತ ಕಟ್ಟಿದೆ. ಆ ಗೆರೆ ನೋಡಿ ಲಾರಿ ಬರ್ತವೆ ಅಂತ ನಂಗೇನ್ ಗೊತ್ತು?"

ತಳ ಕಾಣಬಾರದೆಂದು ಕಟ್ಟಿದ ದಾರವೇ ಊರಿನ ನೀರನ್ನೆಲ್ಲ ಬಸಿದು ತಳ ತೋರಿಸಿತ್ತು. ಬೈಯಬೇಕು ಅನ್ನಿಸಿತು. ಬೈಯದೆ ಮನೆಗೆ ಕರೆತಂದು ಗಂಡನಿಗೆ ಹೇಳಿದೆ.

ಊರಿಗೆ ತಿಳಿಯಿತು. ನನ್ನ ಗಂಡ, ಅಂದು ರತ್ನ ಒಲ್ಲೆ ಅಂದಿದ್ದ ಸೊಣ್ಣಪ್ಪ, ಇಬ್ಬರೂ ಬುಟ್ಟಿ ಹಗ್ಗ ಹಿಡಿದು ಬಾವಿಗಿಳಿದರು. ಜನ ಸುತ್ತ ನಿಂತರು. ಅತ್ತೆ ಬಾವಿಗೆ ಬೆನ್ನು ಮಾಡಿ ಕೂತಿದ್ದರು. ಒಂದೊಂದು ಬುಟ್ಟಿ ಹೂಳು ಮೇಲೆ ಬಂದಾಗಲೂ ಅವರ ಬೆನ್ನು ಸೆಟೆಯುತ್ತಿತ್ತು. ಬಂಡೆಯ ಸಂದು ಸಿಕ್ಕಿತು, ಅದರೊಳಗಿನ ಹೂಳನ್ನೂ ಕೈಯಲ್ಲಿ ಬಗೆದರು. ಮಣ್ಣು, ಕಪ್ಪೆಚಿಪ್ಪು, ಕಲ್ಲು. ಸಂಜೆಗೆ ಬರಿಯ ಬಂಡೆ ಕಂಡಿತು. ಸೊಣ್ಣಪ್ಪ ಮೈಯೆಲ್ಲ ಕೆಸರಾಗಿ ಮೇಲೆ ಬಂದು ಅಕ್ಕನ ಮುಂದೆ ಕೂತು ಅತ್ತುಬಿಟ್ಟ.

"ಇಲ್ಲ ಅಕ್ಕಾ, ಏನೂ ಇಲ್ಲ. ಅವ್ಳು ಬಿದ್ದಿಲ್ಲ. ಬದುಕವ್ಳೆ."

ಜನ ಕೈ ಮುಗಿದರು. ಮುನಿಯಲ್ಲಮ್ಮ ಅತ್ತೆಯ ತಲೆ ಸವರಿ, "ನಿನ್ನ ಮಾತಿಗೆ ಸಾಯ್ಲಿಲ್ಲ ಬಿಡು ತಾಯಿ" ಎಂದಳು. ನನಗೂ ಕಣ್ಣು ತುಂಬಿತು. ಅತ್ತೆ ಮಾತ್ರ ಎದ್ದು, ಸೆರಗು ಕೊಡವಿಕೊಂಡು ಮನೆಗೆ ನಡೆದರು. ಆಮೇಲೆ ಅವರು ಆ ಬಾವಿಯ ಕಡೆ ಹೋಗಲಿಲ್ಲ. ಆಫೀಸಿನವರು ಪೆಟ್ಟಿಗೆ ಬಿಚ್ಚಿಕೊಂಡು ಹೋದರು.

ಆ ವರ್ಷದ ಹಿರಿಯರ ಹಬ್ಬ ಬಂತು. ಸತ್ತವರಿಗೆ ಇಷ್ಟವಾದ ಅಡುಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಕೋಣೆಯ ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಪದ್ಧತಿ. ಅವರು ಬಂದು ಉಂಡು ಹೋಗಲಿ ಎಂದು. ಮಾವನವರ ಎಲೆ ಹಾಕಿ ಬಡಿಸಿದೆ. ಅತ್ತೆ ಅದರ ಪಕ್ಕ ಇನ್ನೊಂದು ಎಲೆ ಹಾಸಿದರು. ಒಬ್ಬಟ್ಟು ಬಡಿಸಿದರು. ಹೊಸ ಲಂಗ ದಾವಣಿ ಮಡಿಸಿ ಇಟ್ಟರು, ಹಸಿರು ಬಳೆ ಇಟ್ಟರು.

ನನ್ನ ಗಂಡನ ಮುಖ ಬೆಳ್ಳಗಾಯಿತು. "ಅಮ್ಮಾ, ಬದುಕಿರೋರಿಗೆ ಎಡೆ ಇಡ್ಬಾರ್ದು. ತೆಗಿ."

"ಬಾವೀಲಿದ್ದಾಗ ದಿನಾ ಉಸಿರಾಡ್ತಿದ್ಲು ಕಣೋ, ನಾನ್ ನೋಡ್ತಿದ್ದೆ," ಎಂದರು ಅತ್ತೆ. "ಬರೋಕೆ ಆಗ್ದೇ ಇರೋ ಕಡೆ ಅವ್ಳೆ, ಅದಕ್ಕೇ ಬರ್ಲಿಲ್ಲ ಅಂತಿದ್ದೆ. ಎಲ್ಲೋ ಚೆನ್ನಾಗಿದ್ಕೊಂಡು, ಹೆತ್ತೋಳು ಇದ್ದಾಳೋ ಸತ್ಲೋ ಅಂತ ಕೇಳ್ದೇ ಇರೋಳು ಬೇರೆ ಯಾರೋ. ನನ್ ಮಗ್ಳು ಸತ್ತೋದ್ಲು."

ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತರು. ಮಕ್ಕಳು ಹಸಿವು ಅಂದವು. ತೆರೆಯುವ ಹೊತ್ತು ಮೀರಿತು. ಹೊಸ್ತಿಲ ಮೇಲಿದ್ದ ಬಿಸಿಲು ಅಂಗಳಕ್ಕೆ ಇಳಿಯಿತು. ಕೊನೆಗೆ ನಾನೇ ಎದ್ದು ಚಿಲಕಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ತಡಿ ಕಣೇ, ಇನ್ನೂ ಉಣ್ತಾವ್ಳೆ. ನನ್ ಮಗ್ಳು ಉಣ್ಣೋದು ಬಲು ನಿಧಾನ."