ಕಣ್ಣು ತೋರಿಸಲು ಹೋದ ಮಾವ ಕುಣಿಗಲ್ಲಿಗೆ ಬಂದದ್ದು

ನನ್ನ ಮಾವನವರಿಗೆ ಬಿ.ಪಿ. ಇದೆ ಎಂದು ಕಂಡುಹಿಡಿದವರು ಕಣ್ಣಿನ ಡಾಕ್ಟರು. ಮಾವನವರಿಗೆ ಇದು ಬಹಳ ದಿನ ಅವಮಾನದ ವಿಷಯವಾಗಿತ್ತು. "ಚಪ್ಪಲಿ ಹೊಲಿಸೋಕ್ ಹೋದ್ರೆ ಟೋಪಿ ಅಳತೆ ತಗೊಂಡಂಗಾಯ್ತು" ಅನ್ನುತ್ತಿದ್ದರು.

ಅವರದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ, ಕಡಬದ ಹತ್ತಿರ ಒಂದು ತೆಂಗಿನ ತೋಟ. ಗಟ್ಟಿ ಆಳು. ಆಸ್ಪತ್ರೆಗೆ ಹೋಗುವುದೆಂದರೆ ಬೇರೆಯವರನ್ನು ನೋಡಿಕೊಂಡು ಬರುವುದಕ್ಕೆ ಎಂದುಕೊಂಡಿದ್ದವರು. ಎಂಬತ್ತರ ದಶಕದ ಆರಂಭದಲ್ಲಿ ನಾನು ಚೊಚ್ಚಲ ಬಾಣಂತನಕ್ಕೆಂದು ಕುಣಿಗಲ್ಲಿನ ತವರಿನಲ್ಲಿದ್ದೆ. ಮಗ ಹುಟ್ಟಿ ತಿಂಗಳ ಮೇಲಾಗಿದ್ದರೂ ಮಾವ ಮೊಮ್ಮಗನ ಮುಖ ನೋಡಲು ಬಂದಿರಲಿಲ್ಲ. ಕಾರಣ ಉಪ್ಪಿನಕಾಯಿ.

ನಮ್ಮ ಮದುವೆಯ ಊಟದಲ್ಲಿ ಮಾವ ಕೂತ ಪಂಕ್ತಿಗೆ ಉಪ್ಪಿನಕಾಯಿ ಬರಲಿಲ್ಲ. ಬಡಿಸುವವನ ಪಾತ್ರೆ ಬರಿದಾಯಿತು, ತುಂಬಿಸಿಕೊಂಡು ಬಂದವನು ಪಕ್ಕದ ಸಾಲಿಗೆ ಹೊರಳಿಕೊಂಡ. ಮಾವ ಮೊಸರನ್ನದವರೆಗೂ ಕಾದು ನೋಡಿ, ಕೈತೊಳೆಯುವ ಕಡೆ ಯಾರಿಗೋ ಹೇಳಿದರಂತೆ, "ಬೀಗರ ಮನೇಲಿ ಉಪ್ಪಿನಕಾಯಿಗೂ ಗತಿ ಇಲ್ಲ." ಹಿಂದೆಯೇ ನಿಂತಿದ್ದ ನಮ್ಮಪ್ಪ, "ಉಪ್ಪಿನಕಾಯಿ ತಿನ್ನೋಕೆ ಮಗನ ಮದುವೆ ಮಾಡಿದ್ರಾ?" ಎಂದುಬಿಟ್ಟರು. ಅಷ್ಟೇ. ಅಲ್ಲಿಂದ ಇವರು ಕುಣಿಗಲ್ಲಿಗೆ ಕಾಲಿಡಲಿಲ್ಲ, ಅವರು ಗುಬ್ಬಿಗೆ ಕಾಲಿಡಲಿಲ್ಲ. ಅತ್ತೆ ಗಂಡನನ್ನು ಮೀರಲಾರದೆ, ಭಾನುವಾರ ಭಾನುವಾರ ನನ್ನ ಗಂಡನ ಕೈಲಿ ಮಗುವಿಗೆ ಜುಬ್ಬ, ಹರಳೆಣ್ಣೆ ಕಳಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಭಾನುವಾರಗಳಲ್ಲೇ ಮಾವನವರ ಕಣ್ಣಿನ ಸುದ್ದಿಯೂ ಬರುತ್ತಿತ್ತು. ಪೇಪರ್ ಓದಲು ಕೂತರೆ ಅಕ್ಷರಗಳು ಇರುವೆ ಹರಿದಂತೆ ಹರಿಯುತ್ತವಂತೆ. ಮೊದಲು ಪೇಪರಿನವರ ಮಸಿಯನ್ನು ಬೈದರು. ಆಮೇಲೆ ಬಲ್ಬು ಬದಲಾಯಿಸಿದರು. ಆಮೇಲೆ ಕನ್ನಡಕ, ಅದನ್ನೂ ಎರಡು ಸಲ. ಮತ್ತೆ ಜಗಳಕ್ಕೆ ಹೋದಾಗ ತುಮಕೂರಿನ ಕನ್ನಡಕದಂಗಡಿಯವನು ಕೈಮುಗಿದು, "ಯಜಮಾನ್ರೇ, ಗಾಜಲ್ಲೇನೂ ದೋಷ ಇಲ್ಲ. ಮೊದ್ಲು ಕಣ್ ತೋರಿಸ್ಕಂಡ್ ಬನ್ನಿ" ಎಂದ.

ಜೊತೆಗೆ ಬರುತ್ತೇನೆಂದ ಮಗನಿಗೆ, "ಎರಡು ಕಣ್ಣವೆ, ಒಂದಕ್ಕೊಂದು ಜೊತೆ ಆಯ್ತವೆ, ನೀ ಸುಮ್ನಿರ್ಲಾ" ಎಂದು ಮಾವ ಒಬ್ಬರೇ ತುಮಕೂರಿನ ಕಣ್ಣಾಸ್ಪತ್ರೆಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಎಷ್ಟೋ ಸಲ ಹೇಳಿದ್ದಾರೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಕಣ್ಣುಗುಡ್ಡೆಯೊಳಗಿನ ಕರಿಬೊಟ್ಟು ಅಗಲವಾಗುವವರೆಗೆ ಕೂರಿಸಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ನಿಮಗೆ ಬಿ.ಪಿ. ಇದೆಯಾ?"

"ನಾನು ಕೊಬ್ಬರಿ ವ್ಯಾಪಾರದವ್ನು ಸಾರ್. ನನಗ್ಯಾಕ್ ಬತ್ತದೆ?" ಮಾವನ ಲೆಕ್ಕದಲ್ಲಿ ಬಿ.ಪಿ. ಎನ್ನುವುದು ಫ್ಯಾನಿನ ಕೆಳಗೆ ಕೂರುವ ಆಫೀಸರುಗಳ ಕಾಯಿಲೆ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು, ಪಾದರಸ ನೋಡಿ ತಲೆಯಾಡಿಸಿದರು. "ತಲೆನೋವಿಲ್ಲ, ಸುಸ್ತಿಲ್ಲ, ಎರಡು ಮುದ್ದೆ ಉಣ್ತೀನಿ" ಎಂದು ಮಾವ ವಾದಿಸಿದರು.

"ಅದೇ ಇದರ ತೊಂದರೆ. ಹೇಳಿ ಕೇಳಿ ಬರೋದಿಲ್ಲ. ಮೈಯೊಳಗಿನ ರಕ್ತನಾಳಾನ ಕೊಯ್ಯದೆ ಕಣ್ಣಾರೆ ನೋಡೋಕೆ ಆಗೋದು ಕಣ್ಣಿನೊಳಗೆ ಮಾತ್ರ. ನಿಮ್ಮವು ಒತ್ತಡಕ್ಕೆ ಸಣ್ಣಗಾಗಿವೆ, ಅಲ್ಲಲ್ಲಿ ರಕ್ತ ಜಿನುಗಿದೆ. ಅದಕ್ಕೇ ಅಕ್ಷರ ಕಲಸಿಕೊಳ್ತಿವೆ. ಇಲ್ಲೇ ಹೀಗಿದ್ರೆ ಹೃದಯ, ಮೂತ್ರಪಿಂಡ, ಮೆದುಳು, ಅಲ್ಲೂ ಇದೇ ಒತ್ತಡ ತಾನೆ? ಮಾತ್ರೆ ಬರೀತೀನಿ, ಚೆನ್ನಾಗಿದೀನಿ ಅಂತ ಬಿಡಬೇಡಿ. ಉಪ್ಪು ಕಮ್ಮಿ ಮಾಡಿ. ಹಪ್ಪಳ, ಉಪ್ಪಿನಕಾಯಿ ಮುಟ್ಟಬೇಡಿ."

ಕೊನೆಯ ಮಾತೊಂದೇ ಕೇಳಿಸಿದವರಂತೆ ಮಾವ ಎದ್ದು ಬಂದರು.

ಹೊರಗೆ ಉರಿಬಿಸಿಲು. ಅಗಲವಾದ ಕಣ್ಣಿಗೆ ಬಸ್‌ಸ್ಟ್ಯಾಂಡ್ ಇಡೀ ಬೆಂಕಿ ಹಚ್ಚಿದಂತೆ ಕಂಡಿತಂತೆ. ತಲೆಯ ಮೇಲೆ ಟವೆಲ್ ಎಳೆದುಕೊಂಡು, ಬೋರ್ಡು ಕಾಣದೆ, ಪಕ್ಕದವನನ್ನು "ಗುಬ್ಬಿಗೇನಪ್ಪ ಇದು?" ಎಂದು ಕೇಳಿದರು. ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡಿದ್ದ ಅವನು "ಊಂ" ಎಂದ. ಮಾವ ಹತ್ತಿ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡರು. ಕಂಡಕ್ಟರು ಬಂದಾಗ ಒಳಗಿಂದಲೇ ನೋಟು ಚಾಚಿದರು. ಬಾಯಿ ಬಿಡದ ಗಿರಾಕಿಗೆ ಅವನು ಕೊನೇ ಸ್ಟಾಪಿನ ಟಿಕೆಟ್ ಹರಿದುಕೊಟ್ಟ. ಮಾವ ನಿದ್ದೆ ಹೋದರು.

ಕುಣಿಗಲ್ ಬಸ್‌ಸ್ಟ್ಯಾಂಡಿನ ಎದುರಿಗೇ ನಮ್ಮಪ್ಪನ ಪಂಪ್‌ಸೆಟ್, ಪೈಪುಗಳ ಅಂಗಡಿ. ಮದುವೆಯಾದಾಗಿನಿಂದ ಮುಖ ನೋಡದ ಬೀಗರು ಅಂಗಡಿಯ ಮುಂದೆ ತಲೆ ಮೇಲೆ ಟವೆಲ್ ಹೊದ್ದು, ಎರಡೂ ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ ನಿಂತಿದ್ದನ್ನು ಕಂಡು ಅಪ್ಪನಿಗೆ ಕರುಳು ಚುರ್ ಎಂದಿತು. ಓಡಿಹೋಗಿ ಕೈ ಹಿಡಿದುಕೊಂಡರು.

"ಬೀಗರೇ, ಅಳ್ಬೇಡಿ. ಆಗಿದ್ದು ಆಗೋಯ್ತು. ತಪ್ಪು ನಂದೂ ಐತೆ."

ಮಾವ ಕಣ್ಣು ಕಿರಿದು ಮಾಡಿ ನೋಡಿ, "ನೀವ್ಯಾಕ್ ಗುಬ್ಬಿಗ್ ಬಂದ್ರಿ?" ಎಂದರು.

"ಗುಬ್ಬಿ ಎಲ್ಲೈತೆ? ಇದು ಕುಣಿಗಲ್ಲು."

ಮಾವ ಟವೆಲನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಗೊತ್ತು ಬುಡಿ. ಮಗೂನ ನೋಡೋಕ್ ಬಂದೆ" ಎಂದರು.

ಮನೆಯಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಲಿಗೆ ನೀರು ಕೊಟ್ಟಳು. ಮಾವ ಬಾಣಂತಿ ಕೋಣೆಯೊಳಗೆ ಬಂದು, ಹಾಸಿಗೆಯತ್ತ ಬಗ್ಗಿ, ಹಳೇ ಸೀರೆ ಸುತ್ತಿದ ಗಂಟನ್ನು ಮೆತ್ತಗೆ ಸವರಿ, "ಥೇಟ್ ನಮ್ಮಪ್ಪನೇ. ಎಷ್ಟ್ ಸಾಧು ಐತೆ ನೋಡು, ಕುಯ್ ಅನ್ನಲ್ಲ" ಎಂದರು. ಅದು ದಿಂಬು. ಮಗು ನನ್ನ ತೊಡೆಯ ಮೇಲಿತ್ತು. ಹೇಗೆ ಹೇಳುವುದೆಂದು ನಾನು ತಡಕಾಡುತ್ತಿರುವಾಗ ಮಗುವೇ ಕಿರುಚಿ ತನ್ನ ಜಾಗ ತಿಳಿಸಿತು. ಮಾವ ದಿಂಬನ್ನೂ ಮಗುವನ್ನೂ ನೋಡಿ, "ಎರಡೂ ಚೆನ್ನಾಗವೆ" ಎಂದು ಹೊರಟರು.

ನಿಜವಾದ ಕಷ್ಟ ಶುರುವಾದದ್ದು ಊಟಕ್ಕೆ ಕೂತಾಗ. ಅಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನೇ ತಂದು ಅವರ ಎಲೆಯ ಮುಂದಿಟ್ಟಳು. ಮಾವ ಅದರ ವಾಸನೆಗೆ ಕಣ್ಣು ಮುಚ್ಚಿ, "ಬ್ಯಾಡ ಕಣಮ್ಮ" ಎಂದರು.

ಅಮ್ಮನ ಮುಖ ಬಾಡಿತು. "ಇನ್ನೂ ಮನಸಲ್ಲಿಟ್ಕೊಂಡಿದೀರ."

"ಹಂಗಲ್ಲ. ಕಣ್ಣಿನ ಡಾಕ್ಟ್ರು ಉಪ್ಪಿನಕಾಯಿ ತಿನ್ಬ್ಯಾಡ ಅಂದವ್ರೆ."

"ಕಣ್ಣಿಗೂ ಉಪ್ಪಿನಕಾಯಿಗೂ ಏನ್ ಸಂಬಂಧ? ನೆಪ ಹೇಳೋದಾದ್ರೆ ಒಪ್ಪೋ ಅಂಥದ್ದು ಹೇಳಿ."

ಮಾವ ಬಿ.ಪಿ. ಸಂಗತಿಯನ್ನು ಪೂರ್ತಿ ಹೇಳಬೇಕಾಯಿತು. ಪ್ರೆಷರ್ ಎಂಬ ಮಾತು ಬಂದದ್ದೇ ಅಪ್ಪನಿಗೆ ಹುರುಪು ಬಂತು. "ಅದನ್ನ ನನ್ನ ಕೇಳಿ. ಮೋಟ್ರು ಜೋರಾಗಿ ತಳ್ಳಿದ್ರೆ ಮೊದ್ಲು ಒಡ್ಯೋದು ಸಣ್ಣ ಪೈಪು. ಕಣ್ಣಲ್ಲಿರೋದು ಸಣ್ಣ ಪೈಪು. ಆಮೇಲೆ ಮೋಟ್ರೂ ಸುಡುತ್ತೆ. ನೀವು ಮೈ ಕಡೆ ಗಮನ ಕೊಡಬೇಕು ಬೀಗರೇ. ನನ್ನ ನೋಡಿ, ಕಲ್ಲಿದ್ದಂಗಿದೀನಿ." ಹೀಗೆ ಮಾತಾಡುತ್ತಲೇ ಜಾಡಿಯನ್ನು ತನ್ನ ಕಡೆ ಎಳೆದುಕೊಂಡು ಮೂರು ಹೋಳು ಹಾಕಿಕೊಂಡರು.

ಅಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಸಂಜೆ ನನ್ನನ್ನು ನೋಡಲು ಬಂದ ನಮ್ಮ ಬೀದಿಯ ಡಾಕ್ಟರಮ್ಮನ ಕೈಲಿ ಮಾವನ ತೋಳಿಗೆ ಪಟ್ಟಿ ಸುತ್ತಿಸಿದಳು. ಜಾಸ್ತಿಯೇ ಇತ್ತು. ಮಾವ ಮಾನ ಉಳಿದವರಂತೆ ಉಸಿರುಬಿಟ್ಟು, "ಬೀಗರದ್ದೂ ನೋಡ್ಬುಡಿ, ಕಲ್ಲಿನ ಪ್ರೆಷರ್ ಎಷ್ಟಿರ್ತದೆ ನೋಡಾನ" ಎಂದರು. ಅಪ್ಪ ನಗುತ್ತಾ ತೋಳು ಚಾಚಿದರು. ಡಾಕ್ಟರಮ್ಮ ಒಮ್ಮೆ ನೋಡಿದರು. ಗಾಳಿ ಬಿಟ್ಟು ಇನ್ನೊಮ್ಮೆ ನೋಡಿದರು. ಮಾವನಿಗಿಂತ ಹೆಚ್ಚಿತ್ತು.

ಅಪ್ಪ, "ನಿಮ್ಮ ಮಿಷನ್ ಲೀಕಾಗ್ತೈತೆ" ಎಂದರು. ಮಾವ ಅಷ್ಟು ಸಂತೋಷವಾಗಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಜಾಡಿಯನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟಳು.

ಗುಬ್ಬಿಯ ಮನೆಗೆ ಫೋನಿರಲಿಲ್ಲ. ಪಕ್ಕದ ಮಂಡಿಗೆ ಟ್ರಂಕ್ ಕಾಲ್ ಹಾಕಿ, ಮಾವ ಕ್ಷೇಮವಾಗಿ ಇಲ್ಲಿದ್ದಾರೆ ಎಂದು ತಿಳಿಸಿದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಬಂದಿಳಿದರು. ಗಾಬರಿಯಿಂದಲ್ಲ, ಕೋಪದಿಂದ.

"ನನ್ನ ಹೊಸಲು ದಾಟಕ್ ಬುಡ್ದೆ, ಕಣ್ಣಾಸ್ಪತ್ರೆ ಅಂತ ಸುಳ್ಳೇಳಿ ಒಬ್ಬರೇ ಮೊಮ್ಮಗನ್ನ ನೋಡಕ್ ಬಂದವ್ರೆ."

"ನಾನು ನೋಡಕ್ ಬಂದಿಲ್ಲ ಕಣೇ, ಬಸ್ ತಪ್ಪಿ ಬಂದೆ" ಎಂದರು ಮಾವ.

ಪಕ್ಕದಲ್ಲೇ ಇದ್ದ ಅಪ್ಪ ಕತ್ತೆತ್ತಿದರು. "ಅಂದ್ರೆ ಬೀಗರೇ, ನಿನ್ನೆ ಬೇಕೂಂತ ಬರ್ಲಿಲ್ವಾ?"

ಮಾವ ಹೆಂಡತಿಯನ್ನು ನೋಡಿದರು, ಬೀಗರನ್ನು ನೋಡಿದರು. ಟವೆಲ್ ಎಳೆದು ಮುಖ ಮುಚ್ಚಿಕೊಂಡು, "ಕಣ್ಣಿಗೆ ಔಷಧಿ ಹಾಕವ್ರೆ, ನನ್ನ ಮಾತಾಡಿಸ್ಬ್ಯಾಡಿ" ಎಂದು ಮಲಗಿಬಿಟ್ಟರು.

ಮಾವನವರ ಕಣ್ಣು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮಾತ್ರೆ ತಪ್ಪಿಸದೆ ನುಂಗಿ, ಪ್ರೆಷರ್ ಇಳಿದ ಮೇಲೆ, ಜಿನುಗಿದ ರಕ್ತ ನಿಧಾನವಾಗಿ ಇಂಗಿತು. ತಿಂಗಳುಗಳ ಮೇಲೆ ಅಕ್ಷರಗಳು ಸಾಲಿನಲ್ಲಿ ನಿಂತವು, ಎಡಗಣ್ಣಿನ ಒಂದು ಮೂಲೆ ಮಾತ್ರ ಮಬ್ಬಾಗಿಯೇ ಉಳಿಯಿತು. ಅಪ್ಪನ ಕಣ್ಣಿಗೆ ಹಾನಿ ತಟ್ಟುವ ಮೊದಲೇ ಮಾತ್ರೆ ಶುರುವಾದದ್ದು ಪುಣ್ಯ. ಬೀಗರಿಬ್ಬರೂ ತಿಂಗಳಿಗೊಮ್ಮೆ ತುಮಕೂರಿನ ಒಬ್ಬರೇ ಡಾಕ್ಟರ ಹತ್ತಿರ ಹೋಗತೊಡಗಿದರು. ಯಾರ ಬಿ.ಪಿ. ಹೆಚ್ಚು ಬರುತ್ತದೋ ಅವರು ಇಬ್ಬರಿಗೂ ಕಾಫಿ ಕೊಡಿಸಬೇಕೆಂದು ಪಂದ್ಯ. ಮಾವ ಸರದಿ ಬರುವವರೆಗೆ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅಪ್ಪ ಅವರ ಕಿವಿಯ ಹತ್ತಿರ ಬಗ್ಗಿ, "ಕೊಬ್ಬರಿ ರೇಟು ಬಿದ್ದೋಯ್ತಂತೆ ಬೀಗರೇ" ಅನ್ನುತ್ತಿದ್ದರು. ಕೊನೆಗೆ ಡಾಕ್ಟರು ಇಬ್ಬರಿಗೂ ಬೇರೆ ಬೇರೆ ದಿನ ಬರಲು ಹೇಳಿದರು.